ಬಲಗಡೆಯ ಹೃದಯ

ಇಂಥ ಅನುಭವಗಳನ್ನು ಯಾರಾದರೂ ನನ್ನೆದುರು ಹೇಳಿಕೊಂಡರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಆಗ ನಿಮಗೆ ಜ್ವರವೇನಾದರೂ ಇತ್ತೇ?" ಎಂಬುದು. ಶನಿವಾರಸಂತೆಯ ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಊರಲ್ಲಿ ಯಾರಿಗೆ ಏನಾಗುವುದಿದ್ದರೂ ತಮಗೆ ಮುಂಚೆಯೇ ಕನಸು ಬೀಳುತ್ತದೆ ಎನ್ನುವರು. ಕನಸಿನ ಸುದ್ದಿಯನ್ನು ಮಾತ್ರ ಆಗಬೇಕಾದದ್ದು ಆದ ಮೇಲೆಯೇ ಹೇಳುವರು. ಅವರನ್ನು ಗೋಳುಹೊಯ್ದುಕೊಂಡು ಬೆಳೆದವಳು ನಾನು. ಮೈಸೂರಿಗೆ ಹೋಗಿ ವೈದ್ಯ ಓದಿ ಬಂದ ಮೇಲಂತೂ ನನ್ನ ನಾಲಗೆಗೆ ಹಿಡಿತವೇ ಇರಲಿಲ್ಲ.

ಈಗ ನನ್ನ ಹತ್ತಿರವೂ ಅಂಥದೊಂದು ಇದೆ. ಓದುವವರು ಅದೇ ಪ್ರಶ್ನೆಯನ್ನು ನನಗೂ ಕೇಳಬಹುದು. ಜ್ವರ ಇರಲಿಲ್ಲ. ಹಾಡಹಗಲು, ಹೊಟ್ಟೆ ತುಂಬ ಊಟ ಮಾಡಿ ಎದ್ದ ಹೊತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ. ಎಷ್ಟೋ ದಿನ ನನಗೇ ನಂಬಿಕೆಯಿರಲಿಲ್ಲ.

ಕೊಡಗು ತನ್ನದೇ ಮಂತ್ರಿಗಳನ್ನಿಟ್ಟುಕೊಂಡು ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯೇ ರಾಜಧಾನಿ, ಮಾಕುಟ್ಟದ ಗೇಟು ದಾಟಿದರೆ ಮದ್ರಾಸು ರಾಜ್ಯದ ಮಲಬಾರು. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ್ದು ವಿರಾಜಪೇಟೆಯಲ್ಲಿ, ಡಾಕ್ಟರ್ ಉತ್ತಯ್ಯ ಎಂಬುವರ ಸಣ್ಣ ಆಸ್ಪತ್ರೆಗೆ. ಲೇಡಿ ಡಾಕ್ಟರ್ ಇದ್ದರೆ ತೋಟದ ಕೂಲಿ ಲೈನುಗಳ ಹೆಂಗಸರೂ ಧೈರ್ಯವಾಗಿ ಬರುತ್ತಾರೆ ಎಂದು ಅವರು ಹುಡುಕುತ್ತಿದ್ದರು. ನಮ್ಮ ತಂದೆ ಏಲಕ್ಕಿ ಮೆಣಸು ವ್ಯಾಪಾರದವರು. ಮಗಳನ್ನು ದಕ್ಷಿಣ ಕೊಡಗಿಗೆ ಕಳಿಸಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಅಲ್ಲಿ ನಮ್ಮ ಜನ ಇಲ್ಲ, ಊಟ ಸೇರುವುದಿಲ್ಲ ಎಂಬ ಚಿಂತೆ. ಆ ಚಿಂತೆಯನ್ನು ಕಳೆದವರು ಡಾಕ್ಟರ ಹೆಂಡತಿ ಬೊಳ್ಳಮ್ಮ. ತಂದೆಯವರನ್ನು ತಮ್ಮ ಅಡಿಗೆಮನೆಗೇ ಕರೆದೊಯ್ದು, ನನಗಾಗಿ ಬೇರೆ ಇಟ್ಟ ಪಾತ್ರೆಗಳನ್ನೂ ಬೇರೆ ಒಲೆಯನ್ನೂ ತೋರಿಸಿದರು. ತಮ್ಮ ಮನೆಯ ಹಂದಿಮಾಂಸದ ಪಂದಿಕರಿಯ ಸೌಟು ನನ್ನ ಸಾರಿನ ಪಾತ್ರೆಯನ್ನು ಒಂದು ದಿನವೂ ಮುಟ್ಟದಂತೆ ನೋಡಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು "ಮಗಳೇ" ಎಂದು ಕರೆಯಲು ಅವರಿಗೆ ಒಂದು ವಾರವೂ ಬೇಕಾಗಲಿಲ್ಲ.

ಡಾಕ್ಟರು ಎತ್ತರದ ಆಳು, ಮಾತಿಗೆ ಮುಂಚೆ ತಮಾಷೆ. ಅವರ ದೊಡ್ಡ ಹೆಮ್ಮೆ ಮದ್ರಾಸಿನಿಂದ ತರಿಸಿದ್ದ ಹೃದಯದ ಯಂತ್ರ. ಬ್ಯಾಟರಿಯಿಂದ ನಡೆಯುವ ಮರದ ಪೆಟ್ಟಿಗೆ. ರೋಗಿಯ ಕೈಕಾಲುಗಳಿಗೆ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲೆ ಲೋಹದ ತಗಡು ಇಟ್ಟು ರಬ್ಬರ್ ಪಟ್ಟಿ ಕಟ್ಟಬೇಕು. ತಗಡುಗಳಿಂದ ತಂತಿಗಳು ಪೆಟ್ಟಿಗೆಗೆ ಹೋಗುತ್ತವೆ. ಪೆಟ್ಟಿಗೆಯ ಮುಂದಿನ ಸಣ್ಣ ಗಾಜಿನ ಮೇಲೆ ಕೂದಲೆಳೆಯಂಥ ಒಂದು ನೆರಳು ಹೃದಯದ ಬಡಿತಕ್ಕೆ ತಕ್ಕ ಹಾಗೆ ಜಿಗಿಯುತ್ತದೆ. ಅದೇ ನೆರಳು ಒಳಗೆ ಫೋಟೋ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಕಾಗದವನ್ನು ಕತ್ತಲೆ ಕೋಣೆಗೆ ಒಯ್ದು ಫೋಟೋದ ಹಾಗೆಯೇ ತೊಳೆದು ತೆಗೆಯಬೇಕು.

ಕಾಲೇಜಿನಲ್ಲಿ ನಾನು ಈ ಗೆರೆಗಳ ಬಗ್ಗೆ ಓದಿದ್ದೆ, ತಿಳಿದುಕೊಂಡಿರಲಿಲ್ಲ. ಒಂದೇ ಹೃದಯಕ್ಕೆ ಇಷ್ಟೊಂದು ಬೇರೆ ಬೇರೆ ಗೆರೆಗಳು ಯಾಕೆ, ಒಂದರಲ್ಲಿ ಶಿಖರ ಮೇಲಕ್ಕಿದ್ದರೆ ಇನ್ನೊಂದರಲ್ಲಿ ಕೆಳಕ್ಕೆ ಯಾಕೆ ಎಂಬುದು ತಲೆಗೆ ಹತ್ತುತ್ತಲೇ ಇರಲಿಲ್ಲ. ಡಾಕ್ಟರು ಒಂದು ದಿನ ಪುಸ್ತಕ ಮುಚ್ಚಿಸಿ ಹೇಳಿದರು:

"ನೋಡು ಡಾಕ್ಟರಮ್ಮ, ನಾಪೋಕ್ಲಿನಿಂದ ಹೊರಟು ವಿರಾಜಪೇಟೆ ಮೇಲೆ ಗೋಣಿಕೊಪ್ಪಕ್ಕೆ ಹೋಗುವ ಬಸ್ಸು ಉಂಟಲ್ಲ. ಗೋಣಿಕೊಪ್ಪದಲ್ಲಿ ಕಾದು ನಿಂತವನನ್ನು ಕೇಳು, ಬಸ್ಸು ಬರ್ತಾ ಉಂಟು ಅಂತಾನೆ. ನಾಪೋಕ್ಲಲ್ಲಿ ನಿಂತವ ಹೋಗ್ತಾ ಉಂಟು ಅಂತಾನೆ. ಮಾಕುಟ್ಟದ ಗೇಟಿನವನನ್ನು ಕೇಳಿದ್ರೆ, ಯಾವ ಬಸ್ಸು ಮಾರಾಯ್ರೆ, ನಮ್ಮ ಕಡೆ ಬರಲೂ ಇಲ್ಲ, ಇಲ್ಲಿಂದ ಹೋಗಲೂ ಇಲ್ಲ ಅಂತಾನೆ. ಮೂವರು ಹೇಳುವುದೂ ಸತ್ಯ. ಬಸ್ಸು ಒಂದೇ."

ಕೈಕಾಲುಗಳಿಗೆ ಕಟ್ಟುವ ತಂತಿಗಳ ಜೋಡಿಗಳೆಂದರೆ ಹಾಗೆ ಬೇರೆ ಬೇರೆ ಕಡೆ ನಿಂತ ಮನುಷ್ಯರು, ಅಷ್ಟೆ. ಹೃದಯದಲ್ಲಿ ಹರಿಯುವ ವಿದ್ಯುತ್ತು ತನ್ನ ಕಡೆಗೆ ಬಂದರೆ ಗೆರೆ ಮೇಲಕ್ಕೆ ಏಳುತ್ತದೆ, ತನ್ನಿಂದ ದೂರ ಹೋದರೆ ಕೆಳಕ್ಕೆ ಇಳಿಯುತ್ತದೆ, ಅಡ್ಡಡ್ಡ ಹಾದರೆ ಎತ್ತಲೂ ಹೆಚ್ಚು ಅಲುಗುವುದಿಲ್ಲ. ಬಸ್ಸಿನ ದಾರಿ ಯಾರಿಗೂ ಕಾಣುವುದಿಲ್ಲ. ಮೂವರ ಮಾತನ್ನೂ ಕೂಡಿಸಿ ನೋಡಿದರೆ ದಾರಿ ಯಾವ ದಿಕ್ಕಿನದು ಎಂದು ಗೊತ್ತಾಗುತ್ತದೆ. ಆ ದಿಕ್ಕೇ ಹೃದಯದ ವಿದ್ಯುತ್ ಅಕ್ಷ. ನಿಮ್ಮಲ್ಲಿ ನಮ್ಮಲ್ಲಿ ಅದು ಬಲಭುಜದ ಕಡೆಯಿಂದ ಎಡಕ್ಕೆ, ಕೆಳಕ್ಕೆ ಇಳಿಯುತ್ತದೆ.

"ನಿಮ್ಮಲ್ಲಿ ನಮ್ಮಲ್ಲಿ" ಎಂದೆ. ಡಾಕ್ಟರ್ ಉತ್ತಯ್ಯನವರಲ್ಲಿ ಹಾಗಿರಲಿಲ್ಲ. ಅವರ ಹೃದಯ ಹುಟ್ಟಿನಿಂದಲೇ ಬಲಗಡೆ ಇತ್ತು. ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುವ ಸ್ಥಿತಿ ಎಂದೇನೋ ಹೇಳುತ್ತಿದ್ದರು. ಎಷ್ಟರಲ್ಲಿ ಒಬ್ಬರೋ, ನಾನು ಮತ್ತೊಬ್ಬರನ್ನು ಕಣ್ಣಾರೆ ಕಂಡಿಲ್ಲ. ಒಳಗಿನ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲು, ಆದರೆ ಆರೋಗ್ಯಕ್ಕೇನೂ ಕೊರತೆಯಿಲ್ಲ. ಮದ್ರಾಸಿನಲ್ಲಿ ಓದುವಾಗ ತಮ್ಮ ತರಗತಿಗೆ ತಾವೇ ಪಾಠದ ವಸ್ತುವಾಗಿದ್ದುದನ್ನು ನೆನೆದು ನಗುತ್ತಿದ್ದರು. ತಮ್ಮ ಗೆರೆಯ ಪಟ್ಟಿಯನ್ನೂ ಹೆಂಡತಿಯ ಗೆರೆಯ ಪಟ್ಟಿಯನ್ನೂ ಒಂದರ ಕೆಳಗೆ ಒಂದು ಅಂಟಿಸಿ ನನಗೆ ಪಾಠ ಹೇಳಿದರು. ಎಡಗೈ ಬಲಗೈಗಳ ನಡುವಿನ ಮೊದಲನೆಯ ಗೆರೆ ಬೊಳ್ಳಮ್ಮನವರಲ್ಲಿ ಮೇಲಕ್ಕೆ, ಡಾಕ್ಟರಲ್ಲಿ ಕೆಳಕ್ಕೆ. ಎದೆಯ ಮೇಲೆ ತಂತಿ ಸೇರಿಸಿದ ಲೋಹದ ಬಿಲ್ಲೆ ಇಟ್ಟು ಎಡಕಂಕುಳಿನ ಕಡೆಗೆ ಸರಿಸುತ್ತ ಹೋದರೆ ಬೊಳ್ಳಮ್ಮನವರ ಶಿಖರ ಬೆಳೆಯುತ್ತ ಹೋಗುತ್ತದೆ, ಡಾಕ್ಟರದು ಸಣ್ಣಗಾಗುತ್ತ ಹೋಗುತ್ತದೆ. ಅವರಿಗೆ ಬಿಲ್ಲೆಯನ್ನು ಬಲಗಡೆಗೇ ಸರಿಸಬೇಕು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಎಡಗೈ ತಂತಿಯನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ತಪ್ಪಿ ಕಟ್ಟಿದರೂ ಮೊದಲ ಗೆರೆ ತಲೆಕೆಳಗಾಗುತ್ತದೆ. ಕಲಿಯುವವರೆಲ್ಲ ಮಾಡುವ ತಪ್ಪು ಅದು. ಆದರೆ ಕೈ ತಂತಿ ತಪ್ಪಿದರೂ ಎದೆಯ ಮೇಲಿನ ಗೆರೆಗಳು ಸರಿಯಾಗಿಯೇ ಬರುತ್ತವೆ. ಎದೆಯ ಗೆರೆಗಳೂ ಉಲ್ಟಾ ಬಂದರೆ ತಪ್ಪು ತಂತಿಯದಲ್ಲ; ಹೃದಯವೇ ಆ ಕಡೆ ಇದೆ ಎಂದು ಅರ್ಥ. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಕಾಫಿ ಹೂ ಬಿಟ್ಟು ಮುಗಿದು ಕಾಯಿ ಕಚ್ಚುವ ಹೊತ್ತಿನ ಒಂದು ಭಾನುವಾರ. ಡಾಕ್ಟರಿಗೆ ಮೀನಿನ ಹುಚ್ಚು. ಬೆಳಿಗ್ಗೆಯೇ ಗಾಳದ ಕೋಲು ಕಟ್ಟಿಕೊಂಡು, ತಮ್ಮ ಹಳೆಯ ಕಾರಿನಲ್ಲಿ ಒಬ್ಬರೇ ಮಾಕುಟ್ಟದ ಹೊಳೆಗೆ ಹೋಗಿದ್ದರು. ಜೊತೆಗೆ ಯಾರಾದರೂ ಇದ್ದರೆ ಮಾತಾಡಿ ಮೀನು ಓಡಿಸುತ್ತಾರೆ ಎಂದು ಅವರ ದೂರು. ಅತಿ ಹೆಚ್ಚು ಮಾತಾಡುವವರು ಅವರೇ ಎಂದು ಬೊಳ್ಳಮ್ಮನವರ ಉತ್ತರ.

ನಾವಿಬ್ಬರೂ ನೂಲುಪುಟ್ಟು, ಕಾಡುಮಾವಿನ ಸಾರು ಉಂಡೆವು. ಹಿಂದಿನ ದಿನ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿದ್ದೆ. ಸೋಮವಾರ ರೋಗಿಗಳು ಬರುವ ಮೊದಲು ಅದು ಸರಿಯಾಗಿದೆಯೇ ಎಂದು ನೋಡಬೇಕಿತ್ತು. ಅಂಥ ಪರೀಕ್ಷೆಗೆ ನಾವು ಯಾವಾಗಲೂ ಬೊಳ್ಳಮ್ಮನವರನ್ನೇ ಮಲಗಿಸುತ್ತಿದ್ದೆವು. ಅವರ ಗೆರೆ ನಮಗೆ ಬಾಯಿಪಾಠವಾಗಿತ್ತು. ಅದು ಎಂದಿನಂತೆ ಬಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಅವರಿಗೂ ಅದು ಊಟವಾದ ಮೇಲೆ ಕಾಲು ಚಾಚಲು ಒಂದು ನೆಪ.

ತಗಡುಗಳನ್ನು ಕಟ್ಟಿ, ಅಭ್ಯಾಸದಂತೆ ಒಂದು ಕೈಯಲ್ಲಿ ಅವರ ನಾಡಿ ಹಿಡಿದುಕೊಂಡೇ ಯಂತ್ರ ಚಾಲೂ ಮಾಡಿದೆ. ನಾಡಿ ನಿಧಾನವಾಗಿ, ಸಮವಾಗಿ ನಡೆಯುತ್ತಿತ್ತು. ಗಾಜಿನ ಮೇಲೆ ನೋಡಿದೆ. ನೆರಳು ಕೆಳಕ್ಕೆ ಜಿಗಿಯುತ್ತಿತ್ತು.

ಕೈ ತಂತಿ ತಪ್ಪಿಹಾಕಿದೆ ಎಂದು ನಾಚಿಕೆಯಾಯಿತು. ಎದ್ದು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಕೆಳಕ್ಕೆ. ಆಗ ಇನ್ನೊಂದನ್ನು ಗಮನಿಸಿದೆ. ನನ್ನ ಬೆರಳ ಕೆಳಗಿನ ನಾಡಿಗೂ ಗಾಜಿನ ಮೇಲಿನ ನೆರಳಿಗೂ ಹೊಂದಿಕೆಯೇ ಇರಲಿಲ್ಲ. ನಾಡಿ ಹೊಟ್ಟೆ ತುಂಬಿದ ಹೆಂಗಸಿನದು, ನೆಮ್ಮದಿಯದು. ನೆರಳು ಅದಕ್ಕಿಂತ ಎಷ್ಟೋ ಬೇಗ ಬೇಗ ಹೊಡೆದುಕೊಳ್ಳುತ್ತಿತ್ತು. ನಡುನಡುವೆ ಎಡವಿ, ಒಂದು ಗಳಿಗೆ ನಿಂತು, ಮತ್ತೆ ಓಡುತ್ತಿತ್ತು.

ಎದೆಯ ಬಿಲ್ಲೆ ಇಟ್ಟು ಎಡಕ್ಕೆ ಸರಿಸಿದೆ. ಶಿಖರಗಳು ಸಣ್ಣಗಾಗುತ್ತ ಹೋದವು. ಕಲಿತ ಕೈ ತಾನಾಗಿಯೇ ಬಿಲ್ಲೆಯನ್ನು ಬಲಗಡೆಗೆ ಒಯ್ದಿತು. ಅಲ್ಲಿ ಶಿಖರಗಳು ಎದ್ದವು. ಸ್ಟೆತಾಸ್ಕೋಪು ಇಟ್ಟು ಕೇಳಿದೆ. ಬೊಳ್ಳಮ್ಮನವರ ಹೃದಯ ಎಲ್ಲಿರಬೇಕೋ ಅಲ್ಲಿಯೇ, ಎಡಗಡೆಯೇ, ನಿಧಾನವಾಗಿ ಬಡಿಯುತ್ತಿತ್ತು. ಬಲಗಡೆ ಬರೀ ಉಸಿರಿನ ಸದ್ದು.

ಅವರು ಕಣ್ಣು ಮುಚ್ಚಿಕೊಂಡೇ, ಹೊಸ ಬ್ಯಾಟರಿ ಕೈಕೊಟ್ಟಿತೇ ಎಂದು ಕೇಳಿದರು. ನೋಡುತ್ತೇನೆ ಎಂದು ಹೇಳಿ ಕಾಗದ ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದೆ.

ಕೆಂಪು ದೀಪದ ಕೆಳಗೆ ಗೆರೆಗಳು ಮೂಡಿದವು. ನಮ್ಮವರ ಕೈಬರಹ ದೂರದಿಂದಲೇ ಗೊತ್ತಾಗುವುದಿಲ್ಲವೇ, ಹಾಗೆ ಗೊತ್ತಾಯಿತು. ಡಾಕ್ಟರ ಗೆರೆಯಲ್ಲಿ ಎರಡನೆಯ ಅಲೆಯ ನೆತ್ತಿಯ ಮೇಲೆ ಒಂದು ಸಣ್ಣ ಕಚ್ಚು ಇತ್ತು. ಅವರು ಅದನ್ನು ತಮ್ಮ ರುಜು ಎನ್ನುತ್ತಿದ್ದರು. ಆ ಕಚ್ಚು ಇಲ್ಲಿಯೂ ಇತ್ತು. ಆದರೆ ಪಾಠದ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ಇದರಲ್ಲಿತ್ತು. ಬಲಗಡೆಯ ಎದೆಯ ಗೆರೆಗಳಲ್ಲಿ, ಎತ್ತರದ ಶಿಖರವಾದ ಮೇಲೆ ಮತ್ತೆ ತಳಕ್ಕೆ ಇಳಿಯಬೇಕಾದ ಗೆರೆ ಇಳಿಯದೆ ಮೇಲೆಯೇ ಉಬ್ಬಿ ನಿಂತಿತ್ತು. ಅದರ ಅರ್ಥ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ. ಈಗಷ್ಟೇ, ಸ್ವಲ್ಪ ಹೊತ್ತಿನ ಕೆಳಗೆ.

ನಾನು ಹೊರಗೆ ಬಂದಾಗ ಬೊಳ್ಳಮ್ಮ ಎದ್ದು ಕುಳಿತಿದ್ದರು.

"ಎಂಥ ಮಗಳೇ, ಮುಖ ಹೀಗೆ ಯಾಕೆ? ನನಗೆ ಏನಾದ್ರೂ ಉಂಟಾ?"

"ನಿಮಗೇನೂ ಇಲ್ಲಮ್ಮ."

"ಮತ್ತೆ ಯಾರಿಗೆ?"

ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬೇರೆ ಏನಾದರೂ ಹೇಳಬಹುದಿತ್ತು. ಬ್ಯಾಟರಿಯ ಮೇಲೆ ಹಾಕಬಹುದಿತ್ತು. ನನ್ನ ಬುದ್ಧಿ ಅದನ್ನೇ ಹೇಳು ಎನ್ನುತ್ತಿತ್ತು. ಆದರೆ ಒದ್ದೆ ಕಾಗದ ಕೈಯಲ್ಲಿತ್ತು, ಅದರ ಮೇಲೆ ಡಾಕ್ಟರ ರುಜು ಇತ್ತು.

"ಇದು ಡಾಕ್ಟರದ್ದು. ಹೇಗೆ ಅಂತ ಕೇಳಬೇಡಿ, ನಂಗೆ ಗೊತ್ತಿಲ್ಲ. ಇದು ಅವರದ್ದೇ. ಚೆನ್ನಾಗಿಲ್ಲ."

ಅವರು ಹೇಗೆ ಎಂದು ಕೇಳಲಿಲ್ಲ. ಕಾಲಿಗಿದ್ದ ರಬ್ಬರ್ ಪಟ್ಟಿಯನ್ನು ತಾವೇ ಬಿಚ್ಚಿದರು, ಉಪ್ಪುನೀರನ್ನು ಸೆರಗಿನಿಂದ ಒರೆಸಿಕೊಂಡರು, ಎದುರು ಮನೆಯ ಮೆಣಸಿನ ವ್ಯಾಪಾರಿಯ ಜೀಪು ಕೇಳಲು ಆಳನ್ನು ಕಳಿಸಿದರು. ನನಗೋ ಅಷ್ಟರಲ್ಲಿ ಅನುಮಾನ ಶುರುವಾಗಿತ್ತು. ಏನೂ ಇಲ್ಲದಿದ್ದರೆ? ಡಾಕ್ಟರು ಹೊಳೆಯ ದಂಡೆಯಲ್ಲಿ ಸುಖವಾಗಿ ಕುಳಿತಿದ್ದರೆ? ನನ್ನ ಮಾತು ಕೇಳಿ ಈ ಹೆಂಗಸು ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದು ಬರಬೇಕಲ್ಲ? ಅದನ್ನೇ ಹೇಳಿದೆ.

"ಏನೂ ಇಲ್ಲದಿದ್ರೆ ಮೀನು ತಿಂದು ಬರುವ," ಎಂದರು. ಆಮೇಲೆ ನನ್ನ ಕಡೆ ನೋಡಿ, "ನೀನು ತಿನ್ನುವುದಿಲ್ಲ ಅಲ್ಲವಾ. ಎರಡು ಬಾಳೆಹಣ್ಣು ತಕ್ಕೋ," ಎಂದರು.

ನಿಜವಾಗಿಯೂ ನಾನು ಬಾಳೆಹಣ್ಣು ತೆಗೆದುಕೊಂಡೆ. ನೋವಿಗೆ ಕೊಡುವ ಮಾರ್ಫಿಯದ ಸೂಜಿ, ಬೇಕಾದ ಔಷಧಿಗಳನ್ನೂ ಚೀಲಕ್ಕೆ ಹಾಕಿಕೊಂಡೆ.

ಜೀಪು ತಂದವನು ಡ್ರೈವರ್ ಮೊಯ್ದು. ಘಟ್ಟದ ದಾರಿಯ ಒಂದೊಂದು ತಿರುವೂ ಅವನಿಗೆ ಗೊತ್ತು. ಏನು ಅವಸರ ಎಂದು ಅವನು ಕೇಳಿದ್ದಕ್ಕೆ ಬೊಳ್ಳಮ್ಮ ಸಲೀಸಾಗಿ, ಡಾಕ್ಟರಿಗೆ ಹುಷಾರಿಲ್ಲವಂತೆ, ಸುದ್ದಿ ಬಂತು ಎಂದರು. ಯಾರ ಕೈಯಲ್ಲಿ ಸುದ್ದಿ ಬಂತು ಎಂದು ಅವನು ಕೇಳಲಿಲ್ಲ. ಪೆರುಂಬಾಡಿ ದಾಟಿ ಕಾಡು ಹೊಕ್ಕ ಮೇಲೆ ಸೆಖೆ ಏರುತ್ತ ಬಂತು. ಬೊಳ್ಳಮ್ಮ ತಮ್ಮ ಎಡಗೈಯ ಮಣಿಕಟ್ಟನ್ನು, ನಾನು ತಗಡು ಕಟ್ಟಿದ್ದ ಜಾಗವನ್ನು, ಬಲಗೈಯಿಂದ ಹಿಡಿದುಕೊಂಡು ಕುಳಿತಿದ್ದರು. ನಾನು ಮಾತ್ರ ಆ ದಾರಿಯುದ್ದಕ್ಕೂ ನನ್ನ ಲೆಕ್ಕ ತಪ್ಪಾಗಲಿ ಎಂದು ದೇವರನ್ನು ಬೇಡಿದೆ. ಕಲಿತದ್ದು ಸುಳ್ಳಾಗಲಿ ಎಂದು ನಾನು ಬೇಡಿದ್ದು ಅದೊಂದೇ ಸಲ.

ಮಾಕುಟ್ಟದ ಗೇಟಿನಲ್ಲಿ ಕೇಳಿದೆವು. ಡಾಕ್ಟರ ಕಾರು ಬೆಳಿಗ್ಗೆ ಹೊಳೆಯ ಕಡೆ ಇಳಿದದ್ದನ್ನು ಗೇಟಿನವರು ನೋಡಿದ್ದರು. ವಾಪಸು ಬಂದದ್ದನ್ನು ಯಾರೂ ನೋಡಿರಲಿಲ್ಲ. ಊಟದ ಹೊತ್ತಿಗೆ ಗೇಟಿಗೆ ಬಂದು ಅವರೊಡನೆ ಕಾಫಿ ಕುಡಿಯುವುದು ಡಾಕ್ಟರ ವಾಡಿಕೆಯಂತೆ. ಆ ದಿನ ಬಂದಿರಲಿಲ್ಲ. ಮೀನು ಜೋರಾಗಿ ಕಚ್ಚುತ್ತಿರಬೇಕು ಎಂದುಕೊಂಡು ಸುಮ್ಮನಿದ್ದರಂತೆ.

ಕಾರು ಮರದ ಕೆಳಗೆ ನಿಂತಿತ್ತು. ಅದರಿಂದ ಸ್ವಲ್ಪ ಕೆಳಗೆ, ಹೊಳೆಯ ದಂಡೆಯಲ್ಲಿ, ಒಂದು ಬಂಡೆಗೆ ಒರಗಿ ಡಾಕ್ಟರು ಕುಳಿತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು ಮೈಗೆ ಅಂಟಿಕೊಂಡಿತ್ತು. ಬಲಗೈಯನ್ನು ಮಡಿಸಿ ಎದೆಗೆ ಒತ್ತಿಕೊಂಡಿದ್ದರು. ಅವರ ನೋವು ಇಳಿದದ್ದೂ ಬಲಗೈಗೇ. ಕಾರಿನ ತನಕ ಹತ್ತಲು ನೋಡಿ, ಆಗದೆ, ಅಲ್ಲಿಯೇ ಕುಳಿತುಬಿಟ್ಟಿದ್ದರಂತೆ. ಕೂಗಿದರೆ ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ.

ಗಂಡಹೆಂಡಿರ ನಡುವೆ ಮಾತು ಯಾವಾಗಲೂ ಕೊಡವ ಭಾಷೆಯಲ್ಲಿ. ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಂಡತಿಯನ್ನು ಕಂಡು ಅವರ ಮುಖದಲ್ಲಿ ಮೊದಲು ಮೂಡಿದ್ದು ಆಶ್ಚರ್ಯ.

"ನಿನಗೆ ಯಾರು ಹೇಳಿದ್ದು?"

"ನೀವೇ," ಎಂದರು ಬೊಳ್ಳಮ್ಮ. ಹೇಳಿ, ಪಕ್ಕದಲ್ಲಿ ಕುಳಿತು ಅವರ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.

ನಾನು ಸೂಜಿ ಕೊಟ್ಟೆ. ಗಾಬರಿಯಲ್ಲಿ ಸ್ಟೆತಾಸ್ಕೋಪನ್ನು ಎಡಗಡೆ ಇಟ್ಟಿದ್ದೆ. ಅಂಥ ನೋವಿನಲ್ಲಿಯೂ ಅವರು ನನ್ನ ಕೈ ಹಿಡಿದು ಬಲಗಡೆಗೆ ಸರಿಸಿದರು. ಕೇಳಿದೆ. ಬೇಗ ಬೇಗ ಹೊಡೆದುಕೊಳ್ಳುತ್ತಿತ್ತು. ನಡುನಡುವೆ ಎಡವಿ, ಒಂದು ಗಳಿಗೆ ನಿಂತು, ಮತ್ತೆ ಓಡುತ್ತಿತ್ತು. ಆ ನಡಿಗೆಯನ್ನು ನಾನು ಆಗಲೇ ನೋಡಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಅದು ಭಯಕ್ಕೋ, ಅವರು ಬದುಕಿದ್ದಾರೆಂಬ ಸಮಾಧಾನಕ್ಕೋ ಗೊತ್ತಿಲ್ಲ.

ಅವರಿಗೆ ಒಂದು ಹೆಜ್ಜೆಯನ್ನೂ ನಡೆಯಲು ಬಿಡಲಿಲ್ಲ. ಮೊಯ್ದುವೂ ಗೇಟಿನವರೂ ಸೇರಿ ಕಂಬಳಿಯಲ್ಲಿ ಎತ್ತಿ ತಂದು ಜೀಪಿನಲ್ಲಿ ಮಲಗಿಸಿದರು. ಮೊಯ್ದು ಬರುವಾಗ ಹಾರಿಸಿಕೊಂಡು ಬಂದವನು, ಹೋಗುವಾಗ ತುಂಬಿದ ಕೊಡ ಹೊತ್ತವನ ಹಾಗೆ ಓಡಿಸಿದ. ಸಂಜೆಯ ಬೆಳಕು ಇರುವಾಗಲೇ ವಿರಾಜಪೇಟೆ ಮುಟ್ಟಿದೆವು. ಮಲಗಿಸಿ, ತಗಡು ಕಟ್ಟಿ ಗೆರೆ ತೆಗೆದೆ. ಮಧ್ಯಾಹ್ನ ಬೊಳ್ಳಮ್ಮನವರ ಮೈಯಿಂದ ತೆಗೆದ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಎರಡೂ ಒಂದೇ ಹೃದಯದವು. ಒಂದು ಸ್ವಲ್ಪ ಹೊತ್ತಿನ ಮುಂಚಿನದು, ಒಂದು ಆಮೇಲಿನದು, ಅಷ್ಟೇ ವ್ಯತ್ಯಾಸ.

ಆಗಿನ ಚಿಕಿತ್ಸೆ ಎಂದರೆ ಹಾಸಿಗೆ, ಅಷ್ಟೇ ಎನ್ನಬೇಕು. ವಾರಗಟ್ಟಲೆ ಅವರನ್ನು ಏಳಗೊಡಲಿಲ್ಲ. ಮೊದಲ ಕೆಲವು ದಿನ ನನಗೂ ಬೊಳ್ಳಮ್ಮನವರಿಗೂ ಸರಿಯಾಗಿ ಊಟ ಇಳಿಯಲಿಲ್ಲ. ಆಮೇಲೆ ಡಾಕ್ಟರು ತಮಾಷೆ ಶುರುಮಾಡಿದರು, ನಮಗೆ ಧೈರ್ಯ ಬಂತು. ಕುಳಿತುಕೊಳ್ಳುವ ಹಾಗಾದ ಮೇಲೆ ಮೊದಲು ಕೇಳಿದ್ದು ಆ ಎರಡು ಪಟ್ಟಿಗಳನ್ನು. ಬಹಳ ಹೊತ್ತು ನೋಡಿದರು. ನಾನು ಅವರಿಗೆ ನೆತ್ತಿಯ ಮೇಲಿನ ಕಚ್ಚನ್ನು ತೋರಿಸಹೋದರೆ, ತಮ್ಮ ರುಜು ತಮಗೆ ಗೊತ್ತಿದೆ ಎಂದರು. ಆಮೇಲೆ, ಎರಡನ್ನೂ ನೀನು ನನ್ನಿಂದಲೇ ತೆಗೆದದ್ದು, ಅವಸರದಲ್ಲಿ ಕಾಗದ ಕಲಸಿಹೋಗಿದೆ ಎಂದು ತೀರ್ಪು ಕೊಟ್ಟರು.

"ಹಾಗಾದ್ರೆ ನಾವು ಮಾಕುಟ್ಟಕ್ಕೆ ಯಾಕೆ ಬಂದ್ವಿ ಸರ್?" ಎಂದು ಕೇಳಿದೆ.

ಅವರು ಹೆಂಡತಿಯ ಕಡೆ ತಿರುಗಿ, "ನನ್ನದು ಅಂತ ಉಳಿದದ್ದು ಈ ಹೃದಯ ಒಂದು ಇತ್ತು. ಇದನ್ನೂ ತೆಗೆದಿಟ್ಟುಕೊಂಡಿದ್ದಾಳೆ," ಎಂದರು. ಬೊಳ್ಳಮ್ಮ, ಗಂಜಿ ಆರುತ್ತದೆ, ಕುಡಿಯಿರಿ ಎಂದರು.

ಆದರೆ ಅವರು ಬಿಟ್ಟವರಲ್ಲ. ಚೇತರಿಸಿಕೊಂಡ ಮೇಲೆ ಮನೆಯಲ್ಲಿ ಒಂದು ವಿಚಿತ್ರ ಸಂಶೋಧನೆಯೇ ನಡೆಯಿತು. ಬೊಳ್ಳಮ್ಮನವರನ್ನು ಯಂತ್ರಕ್ಕೆ ಕಟ್ಟಿ ಮಲಗಿಸುವುದು. ತಾವು ಪಕ್ಕದ ಕೋಣೆಯಲ್ಲಿ ಕುಳಿತುಕೊಳ್ಳುವುದು, ಅಂಗಳದಲ್ಲಿ ನಡೆಯುವುದು, ಪೇಟೆಯ ಗಡಿಯಾರದ ಕಂಬದ ತನಕ ಹೋಗಿ ಬರುವುದು. ಹಳೆಯ ಬ್ಯಾಟರಿ ಹಾಕಿ ನೋಡಿದರು, ಹೊಸದು ಹಾಕಿ ನೋಡಿದರು. ಹೆಂಡತಿಗೆ ತಮ್ಮನ್ನೇ ನೆನೆಯುತ್ತಿರಲು ಹೇಳಿದರು. ನೆನೆದದ್ದು ಸಾಕಾಗಿದೆ, ಬೇಳೆ ಒಲೆಯ ಮೇಲಿದೆ ಎಂದು ಅವರು ಎದ್ದುಹೋದದ್ದೂ ಉಂಟು. ಪ್ರತಿಸಲವೂ ಬೊಳ್ಳಮ್ಮನವರ ಹೃದಯವೇ ಬಂತು, ಎಡಗಡೆಯದು, ನಿಧಾನವಾದದ್ದು. ಒಮ್ಮೆ ಆಗಿ ಮತ್ತೆ ಆಗದಿದ್ದದ್ದು ವಿಜ್ಞಾನವಲ್ಲ ಎಂದು ಹೇಳಿ ಕೊನೆಗೆ ಡಾಕ್ಟರು ಸಂಶೋಧನೆ ನಿಲ್ಲಿಸಿದರು. ಅದು ಮತ್ತೇನು ಎಂದು ಅವರೂ ಹೇಳಲಿಲ್ಲ.

ಪುರಾವೆ ತೋರಿಸಿ ಎಂದರೆ ನನ್ನಲ್ಲಿಲ್ಲ. ಆ ಮಧ್ಯಾಹ್ನದ ಗಾಬರಿಯಲ್ಲಿ ಕಾಗದವನ್ನು ಸರಿಯಾಗಿ ತೊಳೆದಿರಲಿಲ್ಲ. ಔಷಧ ಉಳಿದ ಫೋಟೋ ಕಾಗದ ನಿಲ್ಲುವುದಿಲ್ಲ. ಕೆಲವೇ ವರ್ಷಗಳಲ್ಲಿ ಆ ಪಟ್ಟಿ ಕಂದಿ, ಕೊನೆಗೆ ಕಾಫಿಪುಡಿಯ ಬಣ್ಣದ ಒಂದು ತುಂಡಾಗಿ ಉಳಿಯಿತು. ಅದರಲ್ಲಿ ಯಾವ ಗೆರೆಯೂ ಕಾಣುತ್ತಿರಲಿಲ್ಲ. ನಾನೇ ಅದನ್ನು ಒಂದು ದಿನ ಒಲೆಗೆ ಹಾಕಿದೆ.

ಡಾಕ್ಟರು ಆಮೇಲೆ ಬಹಳ ವರ್ಷ ಬದುಕಿದರು. ಕೊಡಗು ಮೈಸೂರಿಗೆ ಸೇರಿತು. ನಾನು ಮದುವೆಯಾಗಿ ಸೋಮವಾರಪೇಟೆಗೆ ಬಂದೆ, ಅಲ್ಲಿಯೇ ನನ್ನದೊಂದು ಸಣ್ಣ ಆಸ್ಪತ್ರೆಯಾಯಿತು. ವರ್ಷಕ್ಕೊಮ್ಮೆ ತಪ್ಪದೆ ವಿರಾಜಪೇಟೆಗೆ ಹೋಗುತ್ತಿದ್ದೆ. ಅವರು ಮೀನು ಹಿಡಿಯುವುದನ್ನು ಬಿಡಲಿಲ್ಲ. ಬೊಳ್ಳಮ್ಮ ಮಾತ್ರ ಅವರನ್ನು ಒಬ್ಬರೇ ಹೋಗಲು ಬಿಡುತ್ತಿರಲಿಲ್ಲ. ದಂಡೆಯ ಮೇಲೆ ಚಾಪೆ ಹಾಕಿಕೊಂಡು ಕುಳಿತಿರುತ್ತಿದ್ದರು. ಮೀನು ಓಡಿಸುತ್ತಾಳೆ ಎಂದು ಡಾಕ್ಟರು ನನ್ನ ಹತ್ತಿರ ದೂರು ಹೇಳುತ್ತಿದ್ದರು.

ಡಾಕ್ಟರು ತೀರಿಕೊಂಡ ಸುದ್ದಿ ತಂತಿಯಲ್ಲಿ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವರು ಹೋದ ಮೇಲೆ ಬೊಳ್ಳಮ್ಮ ನನ್ನನ್ನು ಒಳಗೆ ಕರೆದರು. ಊಟವಾದ ಮೇಲೆ ಡಾಕ್ಟರು ಆರಾಮಕುರ್ಚಿಯಲ್ಲಿ ಕಾಲು ಚಾಚಿದವರು ಹಾಗೆಯೇ ಹೋಗಿಬಿಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಬೊಳ್ಳಮ್ಮ ಅಕ್ಕಿ ಆರಿಸುತ್ತ ಕುಳಿತಿದ್ದರು. ಮೈಗೆ ಏನೂ ಅನಿಸಲಿಲ್ಲ, ಮನಸ್ಸಿಗೆ ಏನೂ ತೋಚಲಿಲ್ಲ. ಕಾಫಿ ಕೊಡಲು ಹೋದಾಗಲೇ ಗೊತ್ತಾದದ್ದು. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಮುನಿಸು ಇತ್ತು. ಹೇಳದೆ ಊರಿಗೆ ಹೋದ ಗಂಡನ ಮೇಲೆ ಇರುವಂಥದು.

"ಆವತ್ತು ಅಷ್ಟು ದೂರ, ಮಾಕುಟ್ಟದಿಂದ ಹೇಳಿ ಕಳಿಸಿದ್ರು. ಈ ಸಲ ಒಂದು ಗೋಡೆ ಅಡ್ಡ ಇದ್ದದ್ದು. ಒಂದು ಮಾತು ಹೇಳ್ಲಿಲ್ಲ. ಯಾಕೆ ಮಗಳೇ?"

ಅವರು ನನ್ನನ್ನು ಕೇಳಿದ್ದು ನಾನೂ ಡಾಕ್ಟರ್ ಎಂದೋ, ಆ ದಿನ ಅವರ ಜೊತೆಯಲ್ಲಿದ್ದವಳೆಂದೋ ನನಗೆ ತಿಳಿಯಲಿಲ್ಲ. ಅವರ ಕೈ ಹಿಡಿದುಕೊಂಡು ಕುಳಿತೆ. ಆಮೇಲೆ ಎಷ್ಟೋ ಸಾವಿರ ಹೃದಯಗಳ ಗೆರೆಗಳನ್ನು ಓದಿದ್ದೇನೆ. ಬೊಳ್ಳಮ್ಮನವರೂ ಹೋಗಿ ಬಹಳ ಕಾಲವಾಯಿತು. ಅವರು ಕೇಳಿದ್ದಕ್ಕೆ ನಾನು ಇನ್ನೂ ಏನೂ ಹೇಳಿಲ್ಲ.